ಇದನ್ನು ಬದಲಾಯಿಸಬೇಕಾದರೆ ಏನು ಒಡೆಯಬೇಕು?

ನಮ್ಮ ಮನೆಯ ಬಚ್ಚಲನ್ನು ನಾನು ಎರಡು ಸಲ ಹೊಸದು ಮಾಡಿಸಿದ್ದೇನೆ. ಮೊದಲ ಸಲ ಹಾಕಿಸಿದ ಟೈಲ್ಸ್ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ತಿಳಿ ಹಸಿರು, ಚಿಗುರೆಲೆಯ ಬಣ್ಣ. ಅದನ್ನು ಆರಿಸಲು ಮೂರು ಭಾನುವಾರ ಅಂಗಡಿ ಅಂಗಡಿ ಸುತ್ತಿದ್ದೆ. ಆ ಟೈಲ್ಸ್ ಹಿಂದೆ ಇದ್ದ ಪೈಪು ಎಷ್ಟು ಹಳೆಯದು ಅಂತ ಒಂದು ಸಲವೂ ಕೇಳಿರಲಿಲ್ಲ.

ಎರಡು ವರ್ಷ ತುಂಬುವ ಮೊದಲೇ ಪಕ್ಕದ ರೂಮಿನ ಗೋಡೆಯಲ್ಲಿ ಬಣ್ಣ ಗುಳ್ಳೆ ಗುಳ್ಳೆಯಾಗಿ ಎದ್ದಿತು. ಬೆರಳಿಟ್ಟರೆ ಉದುರುತ್ತಿತ್ತು. ಅದರ ಕೆಳಗೆ ಬಿಳಿ ಪುಡಿ. ಇಟ್ಟಿಗೆ, ಸಿಮೆಂಟಿನೊಳಗಿನ ಉಪ್ಪು ನೀರಲ್ಲಿ ಕರಗಿ ಹೊರಗೆ ಬರುತ್ತದೆ, ನೀರು ಆರಿದ ಮೇಲೆ ಹೀಗೆ ಪುಡಿಯಾಗಿ ಉಳಿಯುತ್ತದೆ. ನಮಗೆ ಆಗ ಅದು ಗೊತ್ತಿರಲಿಲ್ಲ. ಕೆರೆದು ಮತ್ತೆ ಬಣ್ಣ ಹೊಡೆಸಿದೆವು. ಆರು ತಿಂಗಳಲ್ಲಿ ಮತ್ತೆ ಎದ್ದಿತು. ಒಂದು ರಾತ್ರಿ ನನ್ನ ತಮ್ಮ, ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿ, ನೀರಿನ ಮೀಟರ್ ನೋಡಿ ಬರೆದಿಟ್ಟ. ಬೆಳಗ್ಗೆ ಯಾರೂ ನಲ್ಲಿ ತಿರುಗಿಸುವ ಮುಂಚೆ ಮತ್ತೆ ನೋಡಿದ. ಅಂಕಿ ಮುಂದೆ ಹೋಗಿತ್ತು. ಎಲ್ಲರೂ ಮಲಗಿದ್ದಾಗಲೂ ಎಲ್ಲೋ ನೀರು ಹೋಗುತ್ತಲೇ ಇತ್ತು.

ಹಳೇ ಕಬ್ಬಿಣದ ಪೈಪು ಒಂದು ಮೂಲೆಯಲ್ಲಿ ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತಾಗಿತ್ತು. ಆ ತೂತಿನ ತನಕ ಹೋಗಲು ಹಸಿರು ಟೈಲ್ಸ್ ಒಡೆಯಲೇಬೇಕಾಯಿತು. ಅವಕ್ಕೆ ಏನೂ ಆಗಿರಲಿಲ್ಲ, ಹೊಸದರಂತೆಯೇ ಹೊಳೆಯುತ್ತಿದ್ದವು. ಸುತ್ತಿಗೆ ಏಟು ಬೀಳುವಾಗ ಅಮ್ಮ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು. "ಇದೇ ಕೆಲಸ ಆವತ್ತೇ ಮಾಡಿಸಬಹುದಿತ್ತಲ್ವಾ?" ಅಂತ ಮೆಲ್ಲಗೆ ಕೇಳಿದಳು. ಬೈದದ್ದಲ್ಲ, ನಿಜವಾಗಿ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಕೆಲವು ವರ್ಷಕ್ಕೆ ಅಡುಗೆಮನೆ, ಬಚ್ಚಲು, ಇಡೀ ಮನೆಯ ವೈರಿಂಗ್ ಎಲ್ಲ ಒಟ್ಟಿಗೆ ಮಾಡಿಸುವ ಕಾಲ ಬಂತು. ಈ ಸಲ ಕೆಲಸ ಶುರು ಮಾಡುವ ಮುಂಚೆ ಒಂದು ವರ್ಷ ಬರೀ ಯೋಚನೆಗೆ ಇಟ್ಟುಕೊಂಡೆವು. ಆ ವರ್ಷದ ಬಗ್ಗೆಯೇ ನಾನು ಇಲ್ಲಿ ಜಾಸ್ತಿ ಬರೆಯಬೇಕು ಅಂದುಕೊಂಡಿದ್ದೇನೆ. ಗೋಡೆ ಒಡೆಯುವುದು, ಕಟ್ಟುವುದು ಕೆಲಸದವರಿಗೆ ಗೊತ್ತು. ಏನು ಒಡೆಯಬೇಕು, ಏನು ಬೇಡ, ದುಡ್ಡು ಮೊದಲು ಎಲ್ಲಿ ಹೋಗಬೇಕು ಅನ್ನುವುದನ್ನು ಮನೆಯವರೇ ತೀರ್ಮಾನ ಮಾಡಬೇಕು.

ಮೊದಲು ಮಾಡಿದ ಕೆಲಸ ಒಂದು ನೋಟ್‌ಬುಕ್ ಇಟ್ಟದ್ದು. ಫ್ರಿಜ್ ಪಕ್ಕದ ಮೊಳೆಗೆ ಪೆನ್ನಿನ ಜೊತೆ ನೇತುಹಾಕಿದೆ. ಮನೆ ಯಾವಾಗ ಯಾರಿಗೆ ತೊಂದರೆ ಕೊಟ್ಟರೂ ಅವರು ಆಗಲೇ ಬರೆಯಬೇಕು. ಏನು ಬೇಕು ಅಂತ ಬರೆಯುವ ಹಾಗಿಲ್ಲ, ಏನು ಕಷ್ಟ ಆಯಿತು ಅಂತ ಮಾತ್ರ. ಈ ಒಂದು ನಿಯಮ ನಾವು ಬಿಡಲಿಲ್ಲ. ನಾಲ್ಕು ತಿಂಗಳಾದ ಮೇಲೆ ಕೂತು ಓದಿದೆವು. "ಮಿಕ್ಸಿ ಹಾಕಿದರೆ ಲೈಟ್ ಮಂಕಾಗುತ್ತದೆ." "ಸಿಂಕ್ ಮುಂದೆ ನಿಂತರೆ ನನ್ನ ನೆರಳು ನನ್ನ ಕೈ ಮೇಲೇ ಬೀಳುತ್ತದೆ." "ಬಚ್ಚಲ ನೀರು ಬಾಗಿಲ ಕಡೆ ಬರುತ್ತದೆ." "ಚಾರ್ಜರ್ ಹಾಕಲು ಮಂಚ ಸರಿಸಬೇಕು." "ದೊಡ್ಡ ಪಾತ್ರೆ ಇಳಿಸಲು ಸ್ಟೂಲ್ ಹತ್ತಬೇಕು, ಭಯ." ಕೊನೆಯದು ಅಮ್ಮನ ಅಕ್ಷರ.

ಇಡೀ ಪುಸ್ತಕದಲ್ಲಿ ಬಣ್ಣದ ಬಗ್ಗೆ ಒಂದು ಸಾಲೂ ಇರಲಿಲ್ಲ. ಹಿಡಿಕೆ ಯಾವುದು, ಕಪಾಟಿನ ಬಾಗಿಲು ಹೊಳೆಯಬೇಕಾ ಬೇಡವಾ, ಇಂಥದ್ದು ಯಾವುದೂ ಇಲ್ಲ. ಆದರೆ ಆ ನಾಲ್ಕು ತಿಂಗಳಲ್ಲಿ ನಾನು ಫೋನಿನಲ್ಲಿ ತೆಗೆದಿಟ್ಟುಕೊಂಡ ಚಿತ್ರಗಳೆಲ್ಲ ಬಣ್ಣ, ಹಿಡಿಕೆ, ಕಪಾಟುಗಳದ್ದೇ. ನಮ್ಮ ಆಸೆ ಒಂದು ಕಡೆ, ನಮ್ಮ ಕಷ್ಟ ಇನ್ನೊಂದು ಕಡೆ ಇದ್ದವು. ಬಜೆಟ್ ಬರೆಯುವ ಮುಂಚೆಯೇ ಇದು ಗೊತ್ತಾದದ್ದು ದೊಡ್ಡ ಉಪಕಾರ.

ಅಡುಗೆಮನೆಗೆ ಇನ್ನೊಂದು ಕೆಲಸ ಮಾಡಿದೆವು. 1926ರಲ್ಲಿ ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶುಟೆ ಲಿಹೋಟ್ಸ್ಕಿ ಅನ್ನುವವರು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ಮನೆಗಳಿಗೆ ಒಂದು ಅಡುಗೆಮನೆ ರೂಪಿಸಿದರು. ಅಗಲ 2 ಮೀಟರ್‌ಗಿಂತ ಸ್ವಲ್ಪ ಕಡಿಮೆ, ಉದ್ದ ಸುಮಾರು ಮೂರೂವರೆ ಮೀಟರ್. ಕೆಲಸ ಮಾಡುವವರು ಎಲ್ಲಿಂದ ಎಲ್ಲಿಗೆ ಎಷ್ಟು ಹೆಜ್ಜೆ ನಡೆಯುತ್ತಾರೆ ಅನ್ನುವ ಲೆಕ್ಕದ ಮೇಲೆ ಅದರ ಒಂದೊಂದು ಜಾಗವೂ ನಿಗದಿಯಾಗಿತ್ತು. ಅದನ್ನು ಓದಿದ ದಿನ ತಮ್ಮ ಒಂದು ಹಾಳೆಯಲ್ಲಿ ನಮ್ಮ ಅಡುಗೆಮನೆಯ ನಕ್ಷೆ ಬರೆದು, ಅಮ್ಮ ಅಡುಗೆ ಮಾಡುವಾಗ ಅವಳು ಓಡಾಡಿದ ಕಡೆಯೆಲ್ಲ ಗೆರೆ ಎಳೆಯುತ್ತಾ ಕೂತ. ಮುಕ್ಕಾಲು ಗಂಟೆಯಲ್ಲಿ ಸಿಂಕ್ ಮತ್ತು ಒಲೆಯ ನಡುವಿನ ಗೆರೆ ಕಪ್ಪು ಪಟ್ಟಿಯಾಗಿತ್ತು. ನಡುವೆ ಫ್ರಿಜ್ ಅಡ್ಡ ಇತ್ತು. ಅವಳು ಪ್ರತಿ ಸಲ ಅದನ್ನು ಸುತ್ತಿ ಹೋಗುತ್ತಿದ್ದಳು. ಫ್ರಿಜ್ ಜಾಗ ಬದಲಾಯಿಸಲು ಬೇಕಾದದ್ದು ಇನ್ನೊಂದು ಗೋಡೆಯಲ್ಲಿ ಒಂದು ಪ್ಲಗ್ ಪಾಯಿಂಟ್, ಅಷ್ಟೇ. ನಾವು ಅಡುಗೆಮನೆಯನ್ನೇ ದೊಡ್ಡದು ಮಾಡಬೇಕು, ಗೋಡೆ ಕೆಡವಬೇಕು ಅಂದುಕೊಂಡಿದ್ದೆವು. ಆ ಹಾಳೆ ನೋಡಿದ ಮೇಲೆ ಗೋಡೆ ಉಳಿಯಿತು. ಬಜೆಟ್ಟಿನಿಂದ ಒಂದು ದೊಡ್ಡ ಖರ್ಚು ಅಲ್ಲೇ ಇಳಿಯಿತು.

ಗೋಡೆ ಕೆಡವುವ ಮಾತು ಬಂದದ್ದಕ್ಕೆ ಹೇಳುತ್ತೇನೆ. ಮೇಲಿನ ಭಾರ ಹೊತ್ತ ಗೋಡೆ ಯಾವುದು, ಬರೀ ಅಡ್ಡಗೋಡೆ ಯಾವುದು ಅನ್ನುವುದನ್ನು ದಪ್ಪ ನೋಡಿ, ತಟ್ಟಿ ನೋಡಿ ಹೇಳಲು ಆಗುವುದಿಲ್ಲ. ಅದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿಯೇ ಹೇಳಬೇಕು. ಅವರ ಫೀಸು ಉಳಿಸಲು ಹೋಗಬೇಡಿ. ನಾನು ಈ ಬರಹದಲ್ಲಿ ಇನ್ನೆಲ್ಲೂ ಇಷ್ಟು ಖಡಾಖಂಡಿತವಾಗಿ ಹೇಳುವುದಿಲ್ಲ.

ಕಷ್ಟಗಳ ಪಟ್ಟಿ ಸಿಕ್ಕಿತು. ಅದರ ಜೊತೆಗೆ ಆಸೆಗಳ ಪಟ್ಟಿಯೂ ಇತ್ತು. ಎರಡೂ ಸೇರಿ ನಮ್ಮ ಕೈಯಲ್ಲಿದ್ದ ದುಡ್ಡಿಗಿಂತ ಬಹಳ ಮೇಲೆ ಹೋದವು. ಏನು ಬಿಡಬೇಕು? ಮೊದಲು ನಾವು ಬೆಲೆ ನೋಡಿ ಬಿಡಲು ಹೋದೆವು. ಜಾಸ್ತಿ ಆದದ್ದನ್ನು ತೆಗೆಯುವುದು. ಹಾಗೆ ಮಾಡಿದಾಗ ಪೈಪು, ವೈರು, ವಾಟರ್‌ಪ್ರೂಫಿಂಗ್ ಇವೇ ಮೊದಲು ಉದುರಿದವು. ಅವು ಕಣ್ಣಿಗೆ ಕಾಣುವುದಿಲ್ಲ ನೋಡಿ, ಕೈಬಿಡಲು ಮನಸ್ಸಿಗೆ ಏನೂ ಅನಿಸುವುದಿಲ್ಲ. ಅಷ್ಟರಲ್ಲಿ ಹಸಿರು ಟೈಲ್ಸ್ ನೆನಪಾಯಿತು.

ಆವತ್ತಿನಿಂದ ಪಟ್ಟಿಯ ಪ್ರತಿ ಸಾಲಿನ ಮುಂದೆ ಒಂದೇ ಪ್ರಶ್ನೆ ಬರೆದೆವು. ಐದು ವರ್ಷ ಬಿಟ್ಟು ಇದನ್ನು ಬದಲಾಯಿಸಬೇಕಾದರೆ ಏನು ಒಡೆಯಬೇಕು?

ಕಪಾಟಿನ ಬಾಗಿಲು? ಏನೂ ಒಡೆಯಬೇಕಿಲ್ಲ, ನಾಲ್ಕು ಸ್ಕ್ರೂ ಬಿಚ್ಚಿದರೆ ಸಾಕು. ಗೋಡೆಯ ಬಣ್ಣ? ಸಾಮಾನು ಸರಿಸಬೇಕು. ಲೈಟಿನ ಬುರುಡೆ? ಏಣಿ ಬೇಕು. ಸಿಂಕ್? ಕಲ್ಲಿನ ಕಟ್ಟೆಗೆ ಸ್ವಲ್ಪ ಕೈ ಹಾಕಬೇಕು. ಅಡುಗೆಮನೆಯ ವೈರಿಂಗ್? ಗೋಡೆ ಕೊರೆಯಬೇಕು, ಪ್ಲಾಸ್ಟರಿಂಗ್, ಬಣ್ಣ ಎಲ್ಲ ಮತ್ತೆ. ಬಚ್ಚಲ ನೆಲದ ಇಳಿಜಾರು? ಟೈಲ್ಸ್, ಅದರ ಕೆಳಗಿನ ಕಾಂಕ್ರೀಟು, ವಾಟರ್‌ಪ್ರೂಫಿಂಗ್ ಎಲ್ಲ ಏಳಬೇಕು. ಒಡೆಯುವುದು ಜಾಸ್ತಿ ಆದಷ್ಟೂ ಆ ಸಾಲು ಮೇಲೆ ಹೋಯಿತು. ಏನೂ ಒಡೆಯದೆ ಬದಲಾಯಿಸಬಹುದಾದದ್ದೆಲ್ಲ ಕೆಳಗೆ ಇಳಿಯಿತು. ಪಟ್ಟಿ ತಲೆಕೆಳಗಾಯಿತು. ನಾನು ಚಿತ್ರ ತೆಗೆದಿಟ್ಟುಕೊಂಡದ್ದೆಲ್ಲ ಕೊನೆಯ ಪುಟಕ್ಕೆ ಹೋದವು. ಮೇಲಿನಿಂದ ದುಡ್ಡು ಹಂಚುತ್ತಾ ಬಂದೆವು. ಎಲ್ಲಿ ಮುಗಿಯಿತೋ ಅಲ್ಲಿ ಗೆರೆ ಎಳೆದೆವು.

ಈ ಪ್ರಶ್ನೆಯಿಂದ ಇನ್ನೊಂದು ಲಾಭ ಆಯಿತು. ಈಗ ಬೇಡದಿದ್ದರೂ ಮುಂದೆ ಬೇಕಾಗುವುದಕ್ಕೆ ಜಾಗ ಮಾಡಿಡುವುದು. ಗೋಡೆ ತೆರೆದಿದ್ದಾಗ ಒಂದು ಖಾಲಿ ವೈರ್ ಪೈಪು ಹಾಕಿ, ಒಳಗೊಂದು ದಾರ ಎಳೆದುಬಿಟ್ಟರೆ ಅದರ ಖರ್ಚು ಏನೇನೂ ಅಲ್ಲ. ಗೋಡೆ ಮುಚ್ಚಿದ ಮೇಲೆ ಅದೇ ಪೈಪು ಹಾಕಬೇಕೆಂದರೆ ಮೂರು ಜನರ ಕೆಲಸ. ಹಾಗೆ ನಾಲ್ಕು ಕಡೆ ಖಾಲಿ ಪೈಪು ಬಿಟ್ಟೆವು.

ಅಮ್ಮನ ವಿಷಯವೂ ಇಲ್ಲೇ ಬಂತು. ಬಚ್ಚಲಲ್ಲಿ ಕಮೋಡ್ ಪಕ್ಕ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸೋಣ ಅಂದೆ. ಅವಳಿಗೆ ಇಷ್ಟ ಆಗಲಿಲ್ಲ. "ಈಗಲೇ ಯಾಕೆ? ನಾನು ಚೆನ್ನಾಗಿಯೇ ಇದ್ದೀನಲ್ಲ" ಅಂದಳು. ಒತ್ತಾಯ ಮಾಡಲಿಲ್ಲ. ಆದರೆ ಆ ಕಡೆಯ ಗೋಡೆ ಒಳಗೆ ಟೊಳ್ಳಿರುವ ಬ್ಲಾಕಿನದು. ಟೊಳ್ಳು ಬ್ಲಾಕಿನಲ್ಲಿ ಕೂರಿಸಿದ ಮಾಮೂಲಿ ಸ್ಕ್ರೂ ಟವೆಲ್ ಹೊರಬಹುದು, ಬೀಳುತ್ತಿರುವ ಮನುಷ್ಯರ ಭಾರ ಹೊರುವುದಿಲ್ಲ. ಟೈಲ್ಸ್ ಹಾಕುವ ಮುಂಚೆ ಮೇಸ್ತ್ರಿಗೆ ಹೇಳಿ ಆ ಭಾಗದ ಟೊಳ್ಳಿಗೆ ಕಾಂಕ್ರೀಟು ತುಂಬಿಸಿದೆವು. ನೆಲದಿಂದ 30 ಇಂಚಿನಿಂದ 40 ಇಂಚಿನವರೆಗೆ. ಕಂಬಿ ಹಾಕಲಿಲ್ಲ. ಗೋಡೆಯನ್ನು ಗಟ್ಟಿ ಮಾಡಿಟ್ಟೆವು, ಅಷ್ಟೇ. ಬಚ್ಚಲ ಬಾಗಿಲನ್ನು ಹೇಗೂ ಬದಲಾಯಿಸುವುದಿತ್ತು. ಆ ನೆಪದಲ್ಲಿ ಬಾಗಿಲು ತೆರೆದಾಗ 32 ಇಂಚು ಜಾಗ ಸಿಗುವ ಹಾಗೆ ನೋಡಿಕೊಂಡೆವು. ಗಾಲಿಕುರ್ಚಿ ದಾಟಲು ಅಷ್ಟಾದರೂ ಬೇಕು. ಇದನ್ನು ಅಮ್ಮನಿಗೆ ಹೇಳಲಿಲ್ಲ.

ಇನ್ನು ದುಡ್ಡಿನ ಲೆಕ್ಕ. ಎಲ್ಲರೂ ಸಾಮಾನ್ಯವಾಗಿ ಮಾಡುವುದು, ಬೇಕಾದದ್ದನ್ನೆಲ್ಲ ಕೂಡಿಸಿ ಮೊತ್ತ ನೋಡುವುದು. ನಾವು ಈ ಸಲ ಇನ್ನೊಂದು ತುದಿಯಿಂದ ಬಂದೆವು. ಮನೆ ಖರ್ಚು, ಆಸ್ಪತ್ರೆ ಖರ್ಚಿಗೆ ಇಟ್ಟದ್ದನ್ನು ಮುಟ್ಟದೆ ಎಷ್ಟು ಕೊಡಬಹುದು ಅಂತ ಮೊದಲು ಒಂದು ಅಂಕಿ ಬರೆದೆವು. ಅದನ್ನು 100 ಪಾಲು ಅಂದುಕೊಳ್ಳಿ. ಅದರಲ್ಲಿ 15 ಪಾಲು ಎತ್ತಿ ಬೇರೆ ಖಾತೆಗೆ ಹಾಕಿದೆವು. ಅದು ಕಾಣದ ಖರ್ಚಿಗೆ. ಇಂಥ ಮೀಸಲು 10ರಿಂದ 20 ಪಾಲು ಇರಬೇಕು ಅಂತ ಈ ಕೆಲಸ ಬಲ್ಲವರು ಹೇಳುತ್ತಾರೆ. ಮನೆ ಹಳೆಯದಾದಷ್ಟೂ ಜಾಸ್ತಿ ಇಡಬೇಕು, ಯಾಕೆಂದರೆ ಒಡೆದು ನೋಡುವ ತನಕ ಒಳಗೆ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಉಳಿದ 85 ಪಾಲಿನಲ್ಲೇ ಎಲ್ಲ ಯೋಜನೆ.

ತಮ್ಮನಿಗೆ 15 ಪಾಲು ಜಾಸ್ತಿ ಅನಿಸಿತು. "ಅಕ್ಕ, ನಾವು ಎಲ್ಲ ಲೆಕ್ಕ ಹಾಕಿದ್ದೀವಲ್ಲ, ಇನ್ನೇನು ಬರುತ್ತೆ?" ಅಂದ. ಎಲ್ಲರಿಗೂ ಹಾಗೇ ಅನಿಸುತ್ತದೆ. ಮನೋವಿಜ್ಞಾನಿಗಳಾದ ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ನಾವು ನಮ್ಮ ಕೆಲಸದ ಲೆಕ್ಕ ಹಾಕುವಾಗ ಎಲ್ಲ ಸರಿಯಾಗಿ ನಡೆದರೆ ಏನಾಗುತ್ತದೋ ಅದನ್ನೇ ಊಹಿಸಿಕೊಳ್ಳುತ್ತೇವೆ. ಅಂಥದ್ದೇ ಕೆಲಸ ಮಾಡಿದ ಬೇರೆಯವರಿಗೆ ಏನಾಯಿತು ಅಂತ ನೋಡುವುದಿಲ್ಲ. 2002ರಲ್ಲಿ ಅಮೆರಿಕದಲ್ಲಿ ಅಡುಗೆಮನೆ ಹೊಸದು ಮಾಡಿಸಿದವರನ್ನು ಕೇಳಿದಾಗ, ಅವರು ಅಂದುಕೊಂಡದ್ದಕ್ಕಿಂತ ಸರಾಸರಿ ಎರಡು ಪಟ್ಟಿಗೂ ಮೀರಿ ಖರ್ಚಾಗಿತ್ತು. ಅವರೂ ನಮ್ಮ ಹಾಗೇ ಎಲ್ಲ ಲೆಕ್ಕ ಹಾಕಿದ್ದೇವೆ ಅಂದುಕೊಂಡಿದ್ದವರೇ ಅಲ್ವಾ? ತಮ್ಮ ತನ್ನ ಇಬ್ಬರು ಸ್ನೇಹಿತರಿಗೆ ಫೋನ್ ಮಾಡಿ ಅವರ ಮನೆ ಕೆಲಸದಲ್ಲಿ ಏನಾಯಿತು ಅಂತ ಕೇಳಿದ. ಆಮೇಲೆ 15 ಪಾಲಿನ ಬಗ್ಗೆ ಮತ್ತೆ ಮಾತಾಡಲಿಲ್ಲ.

ಮೀಸಲು ದುಡ್ಡಿಗೆ ಒಂದು ಕಟ್ಟು ಹಾಕಿದೆವು. ಒಡೆದಾಗ ಸಿಕ್ಕಿದ ತೊಂದರೆಗೆ ಮಾತ್ರ ಅದನ್ನು ಮುಟ್ಟಬೇಕು, ಹೊಸ ಆಸೆಗೆ ಮುಟ್ಟಬಾರದು. ಆಸೆ ಹುಟ್ಟುತ್ತದೆ, ಖಂಡಿತ. 18ನೇ ಶತಮಾನದ ಫ್ರೆಂಚ್ ಚಿಂತಕ ಡೆನಿ ದಿದೆರೋ ತನಗೆ ಬಂದ ಒಂದು ಹೊಸ ನಿಲುವಂಗಿಯ ಬಗ್ಗೆ ಬರೆದಿದ್ದಾನೆ. ಅದು ಎಷ್ಟು ಚೆನ್ನಾಗಿತ್ತೆಂದರೆ ಅದರ ಮುಂದೆ ಹಳೇ ಕುರ್ಚಿ ಹಳತಾಗಿ ಕಂಡಿತು, ಆಮೇಲೆ ಮೇಜು, ಆಮೇಲೆ ಗೋಡೆಯ ಮೇಲಿನ ಚಿತ್ರ. ಒಂದೊಂದಾಗಿ ಎಲ್ಲ ಬದಲಾಯಿಸಿದ. ಕೊನೆಗೆ ಹಳೇ ನಿಲುವಂಗಿಯನ್ನೇ ನೆನೆಸಿಕೊಂಡು ಕೊರಗಿದ. ಮನೆ ಕೆಲಸದಲ್ಲಿ ಇದು ದಿನಾ ನಡೆಯುತ್ತದೆ. ಅಡುಗೆಮನೆ ನೆಲ ಹೊಸದಾಯಿತು, ಹೊಸ್ತಿಲಾಚೆ ಹಾಲಿನ ನೆಲ ಮಂಕಾಗಿ ಕಂಡಿತು. "ಹೇಗೂ ಕೆಲಸದವರು ಬಂದಿದ್ದಾರೆ, ಇದನ್ನೂ ಮಾಡಿಸಿಬಿಡೋಣ" ಅನ್ನುವ ಮಾತು ನನ್ನ ಬಾಯಿಂದಲೇ ಬಂತು. ನೋಟ್‌ಬುಕ್ ತೆಗೆದು ನೋಡಿದೆವು. ಹಾಲಿನ ನೆಲದಿಂದ ಕಷ್ಟ ಆಯಿತು ಅಂತ ಯಾರೂ ಬರೆದಿರಲಿಲ್ಲ. ಅದು ಹಾಗೇ ಇದೆ, ಈಗ ಅದರ ಮಂಕು ಯಾರಿಗೂ ಕಾಣುವುದಿಲ್ಲ.

ಎಸ್ಟಿಮೇಟ್ ತರಿಸಿದ್ದು ಮೂರು ಕಡೆಯಿಂದ. ಮೊದಲ ಸುತ್ತಿನಲ್ಲಿ ಬಂದ ಮೂರು ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಏನೂ ಗೊತ್ತಾಗಲಿಲ್ಲ. ಒಬ್ಬರದು ಎರಡೇ ಸಾಲು, "ಬಚ್ಚಲು ಪೂರ್ತಿ" ಅಂತ. ಪೂರ್ತಿ ಅಂದರೆ ಏನೇನು? ಒಡೆದ ಮಣ್ಣು, ಇಟ್ಟಿಗೆ ಚೂರು ಸಾಗಿಸುವುದು ಸೇರಿದೆಯಾ? ಇನ್ನೊಬ್ಬರದು ಎರಡು ಪುಟ, ಆದರೆ ಅದರಲ್ಲಿ ವಾಟರ್‌ಪ್ರೂಫಿಂಗ್ ಇಲ್ಲ. ಕಡಿಮೆ ಮೊತ್ತ ಬರೆದವರು ಕಡಿಮೆ ದರಕ್ಕೆ ಕೆಲಸ ಮಾಡುತ್ತಾರೆ ಅಂತಲ್ಲ, ಕಡಿಮೆ ಕೆಲಸ ಬರೆದಿರಬಹುದು. ಆಗ ನಾವೇ ಟೇಪು ಹಿಡಿದು ಕೂತೆವು.

ಅಳತೆ ಕಷ್ಟದ್ದಲ್ಲ. ನಮ್ಮ ಬಚ್ಚಲು 8 ಅಡಿ ಉದ್ದ, 5 ಅಡಿ ಅಗಲ. ನಾಲ್ಕೂ ಗೋಡೆ ಸೇರಿ ಸುತ್ತಳತೆ 26 ಅಡಿ. 7 ಅಡಿ ಎತ್ತರಕ್ಕೆ ಟೈಲ್ಸ್ ಅಂದರೆ 182 ಚದರ ಅಡಿ. ಬಾಗಿಲಿನ ಜಾಗ 3 ಅಡಿ ಅಗಲ, 7 ಅಡಿ ಎತ್ತರ, ಅಂದರೆ 21 ಚದರ ಅಡಿ ಕಳೆದರೆ 161. ಕತ್ತರಿಸುವಾಗ, ಒಡೆದು ಹೋಗುವುದಕ್ಕೆ ಅಂತ ನೂರಕ್ಕೆ ಹತ್ತು ಜಾಸ್ತಿ ಸೇರಿಸಿದರೆ 177. ಒಬ್ಬರ ಹಾಳೆಯಲ್ಲಿ 260 ಇತ್ತು. ಕೇಳಿದೆವು. ಅವರು ಚಾವಣಿಯವರೆಗೂ, 10 ಅಡಿ ಎತ್ತರಕ್ಕೆ ಲೆಕ್ಕ ಹಾಕಿದ್ದರು, ಬಾಗಿಲು ಕಳೆದಿರಲಿಲ್ಲ. ಮೋಸ ಅಲ್ಲ ಅದು. ನಮಗೆ ಎಲ್ಲಿಯವರೆಗೆ ಬೇಕು ಅಂತ ನಾವು ಹೇಳಿರಲಿಲ್ಲ, ಅವರು ಊಹಿಸಿದ್ದರು. ಹೇಳದೆ ಬಿಟ್ಟ ಜಾಗವನ್ನು ಎಲ್ಲರೂ ಅವರವರ ಊಹೆಯಿಂದ ತುಂಬುತ್ತಾರೆ. ಜಗಳ ಹುಟ್ಟುವುದು ಅಲ್ಲೇ. ನಾವು ಕೆಲಸ, ಅಳತೆ, ಸಾಮಾನು ಯಾವ ತರಹದ್ದು, ಯಾರು ತರಬೇಕು ಅಂತ ನಾಲ್ಕು ಕಾಲಂ ಮಾಡಿ, ದರದ ಕಾಲಂ ಮಾತ್ರ ಖಾಲಿ ಬಿಟ್ಟು ಮೂವರಿಗೂ ಒಂದೇ ಹಾಳೆ ಕೊಟ್ಟೆವು. ಎರಡನೇ ಸುತ್ತಿನಲ್ಲಿ ಮೂರು ಮೊತ್ತಗಳೂ ಹತ್ತಿರ ಹತ್ತಿರ ಬಂದವು. ನಡುವಿನವರನ್ನು ಆರಿಸಿದೆವು. ಮೊತ್ತಕ್ಕಲ್ಲ. ನಮ್ಮ ಪಟ್ಟಿಯಲ್ಲಿ ಬಿಟ್ಟುಹೋಗಿದ್ದ ಎರಡು ಕೆಲಸವನ್ನು ತಾವೇ ತೋರಿಸಿ ಹೇಳಿದ್ದರು, ಅದಕ್ಕೆ.

ಟೈಲ್ಸ್ ಬಗ್ಗೆ ಇನ್ನೊಂದು ಮಾತು. ಡಬ್ಬಗಳ ಮೇಲೆ ಶೇಡ್ ನಂಬರ್, ಬ್ಯಾಚ್ ನಂಬರ್ ಇರುತ್ತದೆ. ಎಲ್ಲ ಡಬ್ಬದ ಮೇಲೂ ಅದು ಒಂದೇ ಇದೆಯಾ ಅಂತ ನೋಡಿಯೇ ಇಳಿಸಿಕೊಳ್ಳಿ. ಒಂದೇ ಹೆಸರಿನ ಟೈಲ್ಸ್ ಬೇರೆ ಬ್ಯಾಚಿನಲ್ಲಿ ಬೇರೆ ಬಣ್ಣವಾಗಿ ಕಾಣಬಹುದು. ಮಿಕ್ಕಿದ ಒಂದು ಡಬ್ಬವನ್ನು ಹಾಗೇ ಎತ್ತಿಡಿ.

ಪಟ್ಟಿಗೆ ಸೇರದೆ ಉಳಿಯುವ ಖರ್ಚುಗಳೂ ಇವೆ. ಅನುಮತಿ ಬೇಕಾದ ಕಡೆ ಅದರ ಶುಲ್ಕ. ಕೆಲಸ ಮುಗಿಯುವ ತನಕ ಸಾಮಾನು ಇಡಲು ಜಾಗ, ಇರಲು ಇನ್ನೊಂದು ಕಡೆ ಬಾಡಿಗೆ. ನೆಲ ಒಂದು ಇಂಚು ಎದ್ದರೆ ಬಾಗಿಲುಗಳ ಕೆಳಗೆ ಕತ್ತರಿಸುವ ಕೂಲಿ. ಕೊನೆಯಲ್ಲಿ ಧೂಳು ತೆಗೆಸುವುದು. ಇವೆಲ್ಲ ಸೇರಿದರೆ ಸಣ್ಣ ಮೊತ್ತವೇನಲ್ಲ.

ಒಡೆಯಲು ಶುರು ಮಾಡಿದ ಮೂರನೇ ದಿನ ಮೀಸಲು ದುಡ್ಡಿಗೆ ಕೆಲಸ ಬಂತು. ಬಚ್ಚಲ ನೆಲದ ಕೆಳಗೆ ಕೊಳಚೆ ಪೈಪಿನ ಒಂದು ಜಾಯಿಂಟು ಬಿಟ್ಟುಕೊಂಡಿತ್ತು. ಸುತ್ತಲಿನ ಮಣ್ಣೆಲ್ಲ ಕಪ್ಪು. ಮೇಸ್ತ್ರಿ ಕರೆದು ತೋರಿಸಿದರು. "ಮೇಡಂ, ಇದು ನಮ್ಮ ಲೆಕ್ಕದಲ್ಲಿ ಇರಲಿಲ್ಲ. ಹೀಗೇ ಮುಚ್ಚಬಹುದು, ಆದ್ರೆ ನಾನು ಮುಚ್ಚಲ್ಲ" ಅಂದರು. ಆ ಮನುಷ್ಯರ ಮೇಲೆ ನನಗೆ ಆ ಕ್ಷಣ ಹುಟ್ಟಿದ ಗೌರವ ಇವತ್ತಿಗೂ ಇದೆ. 15 ಪಾಲಿನಲ್ಲಿ 6 ಪಾಲು ಅಲ್ಲೇ ಹೋಯಿತು. ನಮಗೆ ಆ ರಾತ್ರಿ ನಿದ್ದೆ ಕೆಡಲಿಲ್ಲ, ಆ ದುಡ್ಡು ಅದಕ್ಕೆಂದೇ ಇತ್ತು.

ಗೋಡೆ ಮುಚ್ಚುವ ಮುಂಚಿನ ಒಂದು ವಾರವೇ ಇಡೀ ಕೆಲಸದ ಜೀವ ಅಂತ ನಾನು ನಂಬುತ್ತೇನೆ. ಆ ವಾರ ನಾನು ರಜೆ ಹಾಕಿದ್ದೆ. ಹೊಸ ಪೈಪುಗಳ ಬಾಯಿ ಮುಚ್ಚಿ, ಪಂಪಿನಿಂದ ಒತ್ತಡ ಕೊಟ್ಟು, ಗೇಜಿನ ಮುಳ್ಳು ಇಳಿಯುತ್ತದಾ ಅಂತ ರಾತ್ರಿಯಿಡೀ ಬಿಟ್ಟೆವು. ಒಂದು ಕಡೆ ಇಳಿಯಿತು. ಸರಿಮಾಡಿ ಮತ್ತೆ ಬಿಟ್ಟೆವು. ನೆಲದ ವಾಟರ್‌ಪ್ರೂಫಿಂಗ್ ಒಣಗಿದ ಮೇಲೆ ನೀರು ಹೋಗುವ ತೂತು ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ, 48 ಗಂಟೆ ಕಾದೆವು. ನೀರಿನ ಮಟ್ಟಕ್ಕೆ ಗೋಡೆ ಮೇಲೆ ಪೆನ್ಸಿಲ್ ಗೆರೆ ಹಾಕಿದ್ದೆವು. ನೀರು ಗೆರೆಯ ಹತ್ತಿರವೇ ಇತ್ತು, ಪಕ್ಕದ ರೂಮಿನ ಗೋಡೆ ಒಣಗಿಯೇ ಇತ್ತು. ಇಳಿಜಾರು ಒಂದು ಮೀಟರಿಗೆ ಒಂದರಿಂದ ಎರಡು ಸೆಂಟಿಮೀಟರ್ ಇರಬೇಕು. ಲೆವೆಲ್ ಇಟ್ಟು ನೋಡಿದೆವು, ಒಂದು ಚೊಂಬು ನೀರು ಸುರಿದೂ ನೋಡಿದೆವು. ನೀರು ಬಾಗಿಲ ಕಡೆ ತಿರುಗದೆ ನೇರವಾಗಿ ತೂತಿಗೆ ಓಡಿದಾಗ ಅಮ್ಮ ಚಪ್ಪಾಳೆ ತಟ್ಟಿದಳು.

ವೈರಿಂಗ್ ಬಗ್ಗೆ ಎಲೆಕ್ಟ್ರಿಷಿಯನ್ ಒಂದು ವಿಷಯ ಚೆನ್ನಾಗಿ ವಿವರಿಸಿದರು. ವೈರಿನಲ್ಲಿ ಕರೆಂಟು ಎರಡು ಪಟ್ಟಾದರೆ ಅದರೊಳಗೆ ಹುಟ್ಟುವ ಬಿಸಿ ನಾಲ್ಕು ಪಟ್ಟಾಗುತ್ತದೆ. ಹಳೇ ಮನೆಯ ತೆಳ್ಳಗಿನ ವೈರು ಎರಡು ದೀಪ, ಒಂದು ಫ್ಯಾನಿಗೆ ಅಂತ ಹಾಕಿದ್ದು. ಅದರ ಮೇಲೆ ಓವನ್ನು, ಗೀಸರು ಎಲ್ಲ ಹೇರಿದ್ದೆವು. ಲೈಟ್ ಮಂಕಾಗುತ್ತಿದ್ದದ್ದು ಅದಕ್ಕೇ. ಈಗ ಅಡುಗೆಮನೆಗೆ ಬೇರೆ ಲೈನು, ಗೀಸರಿಗೆ ಬೇರೆ ದಪ್ಪ ವೈರು. ಜೊತೆಗೆ 30 ಮಿಲಿ ಆಂಪಿಯರ್ ಕರೆಂಟು ಸೋರಿದರೂ ಕ್ಷಣದಲ್ಲಿ ಲೈನು ಕಡಿದುಹಾಕುವ ಒಂದು ಬ್ರೇಕರ್. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟುವವರು ಇರುವ ಮನೆಯಲ್ಲಿ ಇದು ಜೀವ ಉಳಿಸುವ ವಸ್ತು. ಅದರ ಬೆಲೆ ಒಂದು ಒಳ್ಳೆಯ ಷವರ್‌ಗಿಂತ ಜಾಸ್ತಿ ಏನೂ ಇಲ್ಲ.

ಮುಚ್ಚುವ ಹಿಂದಿನ ಸಂಜೆ ತಮ್ಮ ಪ್ರತಿ ಗೋಡೆಯ ಫೋಟೋ ತೆಗೆದ. ಮೂಲೆಯಿಂದ, ನೆಲದಿಂದ ಟೇಪು ಹಿಡಿದು, ಅಂಕಿ ಕಾಣುವ ಹಾಗೆ. ಪೈಪು ಎಲ್ಲಿ, ವೈರು ಎಲ್ಲಿ, ಖಾಲಿ ಪೈಪು ಎಲ್ಲಿ, ಕಾಂಕ್ರೀಟು ತುಂಬಿದ ಜಾಗ ಎಲ್ಲಿ ಅಂತ ಒಂದೊಂದಕ್ಕೂ ಹೆಸರು ಬರೆದ. ಒಟ್ಟು 64 ಫೋಟೋ.

ಆಮೇಲೆ ಕಾಯುವ ಕೆಲಸ. ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದಲ್ಲ, ನೀರಿನ ಜೊತೆ ಸೇರಿ ನಡೆಯುವ ರಾಸಾಯನಿಕ ಕ್ರಿಯೆಯಿಂದ. ಅದಕ್ಕೇ ಹೊಸ ಪ್ಲಾಸ್ಟರಿಂಗಿಗೆ ಕಡಿಮೆ ಅಂದರೂ ಒಂದು ವಾರ ನೀರು ಹೊಡೆಯುತ್ತಾರೆ. ಕಾಂಕ್ರೀಟಿನ ಬಲವನ್ನು ಅಳೆಯುವುದೂ 28ನೇ ದಿನಕ್ಕೆ. ಒಳಗಿನ ತೇವ ಆರುವ ಮುಂಚೆ ಬಣ್ಣ ಹೊಡೆದರೆ ಅದು ಮತ್ತೆ ಎದ್ದು ಬರುತ್ತದೆ. ನಾವು ಸುಮಾರು ಒಂದು ತಿಂಗಳು ಬಿಟ್ಟೆವು. ನೆಂಟರು ಫೋನ್ ಮಾಡಿ "ಇನ್ನೂ ಆಗಿಲ್ವಾ?" ಅಂತ ಕೇಳುತ್ತಿದ್ದರು. ಗೋಡೆ ಸುಮ್ನೆ ನಿಂತಿರುವ ದಿನಗಳೂ ಕೆಲಸದ ದಿನಗಳೇ. ಅವನ್ನು ಕ್ಯಾಲೆಂಡರಿನಲ್ಲಿ ಮೊದಲೇ ಬರೆದಿದ್ದರಿಂದ ನಮಗೆ ಅವಸರ ಅನಿಸಲಿಲ್ಲ.

ದುಡ್ಡು ಕೊಟ್ಟದ್ದು ದಿನ ನೋಡಿ ಅಲ್ಲ, ಕೆಲಸ ನೋಡಿ. ಒಡೆದು ಸಾಗಿಸಿದ ಮೇಲೆ ಒಂದು ಕಂತು, ಪೈಪಿನ ಪರೀಕ್ಷೆ ಪಾಸಾದ ಮೇಲೆ ಒಂದು, ಟೈಲ್ಸ್ ಮುಗಿದ ಮೇಲೆ ಒಂದು. ಕೊನೆಯ ಹತ್ತು ಪಾಲು, ಸಣ್ಣಪುಟ್ಟ ಬಾಕಿ ಎಲ್ಲ ಮುಗಿದ ಮೇಲೆ. ಇದನ್ನು ಮೊದಲೇ ಮಾತಾಡಿ ಬರೆದುಕೊಂಡಿದ್ದೆವು. ಮಧ್ಯದಲ್ಲಿ ಏನು ಬದಲಾದರೂ, ಒಂದು ಸ್ವಿಚ್ ಜಾಗ ಬದಲಾದರೂ, ಒಂದು ಪುಸ್ತಕದಲ್ಲಿ ದರ ಬರೆದು ಇಬ್ಬರೂ ಸಹಿ ಹಾಕಿದ ಮೇಲೇ ಕೆಲಸ. ಮೇಸ್ತ್ರಿಗೆ ಮೊದಲು ಇದು ಅಪನಂಬಿಕೆ ಅನಿಸಿತು. ಹಾಗೇನಿಲ್ಲ, ನಿಮ್ಮ ಜಾಸ್ತಿ ಕೆಲಸಕ್ಕೆ ದುಡ್ಡು ಮರೆತುಹೋಗಬಾರದು ಅಂತ ಅಂದೆ. ಅದು ನಿಜವೂ ಆಗಿತ್ತು. ಕೊನೆಯಲ್ಲಿ ಆ ಪುಸ್ತಕ ನೋಡಿಯೇ ಅವರಿಗೆ ಬರಬೇಕಾದ ಮೂರು ಬಾಬತ್ತು ನೆನಪಾದವು.

ಬಜೆಟ್ಟಿನ ಗೆರೆ ಕಪಾಟಿನ ಬಾಗಿಲುಗಳ ಮೇಲೆ ಬಿದ್ದಿತ್ತು. ಅಡುಗೆಮನೆಯ ಕಪಾಟುಗಳು ಬಾಗಿಲಿಲ್ಲದೆ ಹದಿನಾಲ್ಕು ತಿಂಗಳು ಇದ್ದವು. ಅಮ್ಮ ಹಳೇ ಸೀರೆಯೊಂದನ್ನು ಕತ್ತರಿಸಿ ಪರದೆ ಹೊಲಿದಳು. ಬಂದವರು ಮೊದಲು ಅದನ್ನೇ ನೋಡುತ್ತಿದ್ದರು. ಗೋಡೆಯೊಳಗೆ ಏನಿದೆ ಅಂತ ಅವರಿಗೆ ಕಾಣುತ್ತಿರಲಿಲ್ಲ. ನನಗೆ ಮಾತ್ರ ಆ ಗೋಡೆಗಳ ಪಕ್ಕ ಹಾದು ಹೋಗುವಾಗಲೆಲ್ಲ ಒಳಗಿನ 64 ಫೋಟೋಗಳೇ ಕಾಣುತ್ತಿದ್ದವು. ಮುಂದಿನ ವರ್ಷ ಬಾಗಿಲುಗಳೂ ಬಂದವು, ಒಂದೇ ದಿನದಲ್ಲಿ ಕೂರಿಸಿ ಹೋದರು.

ನೋಟ್‌ಬುಕ್ ಈಗಲೂ ಅದೇ ಮೊಳೆಯಲ್ಲಿದೆ. ಹೋದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಅದರಲ್ಲಿ ಹೊಸ ಸಾಲು ಕಂಡಿತು. "ಬಚ್ಚಲಲ್ಲಿ ಏಳುವಾಗ ಹಿಡಿದುಕೊಳ್ಳಲು ಏನೂ ಇಲ್ಲ." ಅಮ್ಮನ ಅಕ್ಷರ, ಸ್ವಲ್ಪ ನಡುಗಿತ್ತು. ನಾವು ಅವಳನ್ನು ಏನೂ ಕೇಳಲಿಲ್ಲ. ತಮ್ಮ ಆ ಗೋಡೆಯ ಹಳೇ ಫೋಟೋ ತೆಗೆದು ನೋಡಿದ. ಕಮೋಡಿನ ಬಲಕ್ಕೆ, ನೆಲದಿಂದ 30 ಇಂಚಿನಿಂದ 40. ಟೈಲ್ಸ್ ಮೇಲೆ ಪೆನ್ಸಿಲಿನಿಂದ 33 ಇಂಚಿಗೆ ಗುರುತು ಹಾಕಿ, ಡ್ರಿಲ್ ಇಟ್ಟ. ಡ್ರಿಲ್ಲಿನ ಮೊನೆ ಒಳಗೆ ಹೋಗುತ್ತಾ ಬೂದು ಬಣ್ಣದ ಗಟ್ಟಿ ಪುಡಿ ಹೊರಗೆ ಬಂತು. ಅರ್ಧ ಗಂಟೆಯಲ್ಲಿ ಕಂಬಿ ಕೂತಿತು. ಅವನು ತನ್ನ ಪೂರ್ತಿ ಭಾರ ಹಾಕಿ ಜೋತುಬಿದ್ದು ನೋಡಿದ, ಆಮೇಲೆ ನಾನೂ ನೋಡಿದೆ.